ಟ್ಯಾಂಕ್ ತುಂಬಿಸಿದ ಮೇಲಿನ ನಡುಕ

ನನ್ನ ಗಂಡನಿಗೆ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ನಾನು ಕಾರು ಓಡಿಸಲು ಕಲಿತೆ. ಅಲ್ಲಿಯವರೆಗೆ ಕಾರು ಅವರದು. ಮೊಳಕಾಲ್ಮೂರಿನ ರೇಷ್ಮೆ ಸೀರೆಗಳನ್ನು ಹಿಂದಿನ ಸೀಟಿನಲ್ಲಿ ಪೇರಿಸಿಕೊಂಡು ರಾಯದುರ್ಗ, ಬಳ್ಳಾರಿಯ ಅಂಗಡಿಗಳಿಗೆ ತಾವೇ ಹೋಗಿ ಬರುತ್ತಿದ್ದರು. ಎಂಜಿನ್ನಿನ ಸದ್ದು ಸ್ವಲ್ಪ ಬದಲಾದರೂ ಊಟ ಬಿಟ್ಟು ಎದ್ದು ಬಾನೆಟ್ ಎತ್ತುವ ಮನುಷ್ಯ. ಈಗ ನಾನು ಶಾಲೆಗೆ ರಜೆ ಹಾಕಿ ಅವರನ್ನು ಚಳ್ಳಕೆರೆಗೆ ಡಯಾಲಿಸಿಸ್ ಮಾಡಿಸಲು ಕರೆದೊಯ್ಯುತ್ತಿದ್ದೆ. ಅವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು.

ಆ ಬೇಸಿಗೆಯಲ್ಲಿ ಕಾರು ಕಾಟ ಕೊಡಲು ಶುರುಮಾಡಿತು. ಚಳ್ಳಕೆರೆಯಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಹಿಡಿಯುತ್ತಿರಲಿಲ್ಲ. ಹಿಡಿದರೂ ನಿಂತಲ್ಲೇ ಗಡಗಡ ನಡುಗುತ್ತಿತ್ತು. ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಆಫ್ ಆಗುತ್ತಿತ್ತು. ಊರು ದಾಟಿ ವೇಗ ಹಿಡಿದರೆ ಏನೂ ಇಲ್ಲ, ಮರುದಿನ ಶಾಲೆಗೆ ಹೋಗುವಾಗಲೂ ಏನೂ ಇಲ್ಲ. ಆದರೆ ಆ ನಡುಕ ಅವರ ಕೈಗೆ ತಾಗುತ್ತಿತ್ತು. ಸೂಜಿ ಚುಚ್ಚಿಸಿಕೊಂಡ ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದು ತುಟಿ ಕಚ್ಚಿಕೊಂಡು ಕೂರುತ್ತಿದ್ದರು.

ಪೆಟ್ರೋಲಿಗೆ ನೀರು ಸೇರಿರಬೇಕೆಂದು ಮೊದಲು ಅಂದುಕೊಂಡೆ. ಬಾಟಲಿಗೆ ಸ್ವಲ್ಪ ಹಿಡಿಸಿ ಹಿತ್ತಲಲ್ಲಿಟ್ಟು ನೋಡಿದೆ. ಅಡಿಯಲ್ಲಿ ನೀರು ನಿಲ್ಲಲಿಲ್ಲ. ಬೇರೆ ಬಂಕಿನಲ್ಲಿ ಹಾಕಿಸಿದರೂ ಅದೇ ಕಥೆ. ಮೆಕ್ಯಾನಿಕ್ ಪ್ಲಗ್ ಬದಲಾಯಿಸಿದರು, ಥ್ರಾಟಲ್ ಬಿಚ್ಚಿ ತೊಳೆದರು. ಅವರ ಗ್ಯಾರೇಜಿನಲ್ಲಿ ನಿಂತಾಗ ಕಾರು ಚೆನ್ನಾಗಿಯೇ ಇರುತ್ತಿತ್ತು, ಹಾಗಾಗಿ ನಾನು ಹೇಳುವುದನ್ನು ಅವರು ಹೇಗೆ ತಾನೇ ನಂಬಬೇಕು?

ಅದೇ ದಿನಗಳಲ್ಲಿ ನನ್ನದೊಂದು ಕಿಡ್ನಿ ಕೊಡುತ್ತೇನೆಂದು ಪರೀಕ್ಷೆ ಮಾಡಿಸಿದ್ದೆ. ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದೇ ಅಲ್ಲಿ. ಕಿಡ್ನಿ ಕೊಡಲು ಆಗುವುದಿಲ್ಲ ಎಂದರು ಡಾಕ್ಟರು. ಮನೆಗೆ ಬಂದು ಹೇಳಿದಾಗ ಅವರು, ಇನ್ನು ಮೇಲೆ ನಿನ್ನ ಕಾಫಿಗೂ ಸಕ್ಕರೆ ಬಂದ್ ಎಂದರು, ಅಷ್ಟೇ. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಬೇರೆ ಮಾತೂ ಕಡಿಮೆಯಾಯಿತು.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಹೊರಟು, ಟ್ಯಾಂಕ್ ಫುಲ್ ಮಾಡಿಸಿಕೊಂಡು ಬರುವಾಗ ಬಿ.ಜಿ. ಕೆರೆ ಊರಿನ ಹಂಪ್ ಹತ್ತಿರ ನಿಧಾನ ಮಾಡಿದೆ. ಕಾರು ಆಫ್ ಆಯಿತು. ಎಷ್ಟು ಸಲ ಸೆಲ್ಫ್ ಹೊಡೆದರೂ ಹಿಡಿಯಲಿಲ್ಲ. ಹಿಂದೆ ಲಾರಿಗಳ ಹಾರನ್ನು. ಚಹಾ ಕುಡಿಯುತ್ತಿದ್ದ ಇಬ್ಬರು ಬಂದು ಕಾರನ್ನು ಬೇವಿನ ಮರದ ನೆರಳಿಗೆ ತಳ್ಳಿ ಹೋದರು. ನನಗೆ ತಡೆಯಲಾಗಲಿಲ್ಲ. ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ.

"ನನ್ನ ಕೈಲಿ ಆಗಲ್ಲ ರೀ. ಇನ್ನ ಆಗಲ್ಲ" ಎಂದೆ.

ಅವರು ಕಣ್ಣು ತೆರೆದರು. ಆಮೇಲೆ, ಸ್ವಲ್ಪವೇ ಪೆಟ್ರೋಲ್ ಹಾಕಿಸಿದ ದಿನ ಹೀಗಾಗಿತ್ತೇ ಎಂದು ಕೇಳಿದರು. ಯೋಚಿಸಿ ನೋಡಿದರೆ ಇಲ್ಲ. ಟ್ಯಾಂಕ್ ತುಂಬಿಸಿದಾಗ ಮಾತ್ರ.

"ಹಂಗಾದ್ರೆ ಪೆಟ್ರೋಲ್ ಅಲ್ಲ ಕಣೇ, ಅದರ ಆವಿ. ಬಾನೆಟ್ ಎತ್ತು."

ಬಾಗಿಲು ಹಿಡಿದುಕೊಂಡು ಇಳಿದು, ಕಾರಿಗೆ ಒರಗುತ್ತಾ ಸುತ್ತಿ ಬಂದು ನನ್ನ ಸೀಟಿನಲ್ಲಿ ಕೂತರು. ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದಾಗ ಎಂಜಿನ್ ಕೆಮ್ಮುತ್ತಾ ಹಿಡಿಯಿತು. ಟ್ಯಾಂಕಿನ ಆವಿ ಎಂಜಿನ್ನಿಗೆ ಬರುವ ಸಣ್ಣ ಪೈಪೊಂದಿರುತ್ತದೆ, ಅದರ ತುದಿಯಲ್ಲಿ ಒಂದು ಕಪ್ಪು ವಾಲ್ವ್ ಇರುತ್ತದೆ, ಹುಡುಕು ಎಂದರು. ಸಿಕ್ಕಿತು. ಪೈಪ್ ಕಿತ್ತು ವಾಲ್ವಿನ ಬಾಯಿಗೆ ಬೆರಳಿಡಲು ಹೇಳಿದರು. ಇಟ್ಟೆ. ಕರು ಚೀಪುವ ಹಾಗೆ ಅದು ಬೆರಳನ್ನು ಎಳೆಯಿತು. ಬಾಯಿ ಮುಚ್ಚಿದ್ದೇ ತಡ, ಅಷ್ಟು ಹೊತ್ತು ಒದ್ದಾಡುತ್ತಿದ್ದ ಎಂಜಿನ್ ನಿಧಾನಕ್ಕೆ ಸಮಾಧಾನಕ್ಕೆ ಬಂತು.

"ಎಳೀತೈತೆ ರೀ."

"ಗಾಡಿ ನಿಂತಾಗ ಅದು ಮುಚ್ಚಿಕೊಂಡಿರಬೇಕು. ಕೆಟ್ಟು ತೆರೆದೇ ಉಳಿದೈತೆ. ತುಂಬಿಸಿದಾಗೆಲ್ಲ ಆವಿ ನುಗ್ಗಿ ಉಸಿರು ಕಟ್ಟಿಸ್ತೈತೆ."

ಎತ್ತಿದ ಬಾನೆಟ್ಟಿನಿಂದಾಗಿ ಅವರ ಮುಖ ಕಾಣುತ್ತಿರಲಿಲ್ಲ. ದನಿ ಮಾತ್ರ ಕೇಳುತ್ತಿತ್ತು; ಅಂಗಡಿಯವರ ಮುಂದೆ ಸೀರೆ ಬಿಚ್ಚಿ ಹರಡುವಾಗಿನ ದನಿ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಾನು ಬೆರಳು ಒತ್ತಿ ಹಿಡಿದೇ ನಿಂತಿದ್ದೆ.

ಅವರ ಕೈಗೆಂದು ಬ್ಯಾಗಿನಲ್ಲಿಟ್ಟಿದ್ದ ಪ್ಲಾಸ್ಟರನ್ನು ವಾಲ್ವಿನ ಬಾಯಿಗೂ ಪೈಪಿನ ತುದಿಗೂ ಸುತ್ತಿ ಹೊರಟೆವು. ನಮ್ಮೂರಿನ ಹತ್ತಿರದ ಹಾನಗಲ್ ಹಳ್ಳಿ ಬಂತು.

"ಇನ್ನ ಚಳ್ಳಕೆರೆ ಸಾಕು" ಎಂದರು.

ಕೇಳಿಸಿದರೂ ಏನಂದಿರಿ ಎಂದೆ.

"ಮೈ ಒಪ್ತಿಲ್ಲ. ನೀನೂ ನನ್ನ ಜೊತೆ ಸಾಯ್ತಾ ಇದೀಯ."

ಕಾರು ಕೆಟ್ಟಿತೆಂದು ಅತ್ತದ್ದು, ನಿಮ್ಮಿಂದ ಅಲ್ಲ ಎಂದೆ. ಗೊತ್ತು ಎಂದರು.

ಮೆಕ್ಯಾನಿಕ್ ಚಿತ್ರದುರ್ಗದಿಂದ ಹೊಸ ವಾಲ್ವ್ ತರಿಸಿ ಹಾಕಿದರು. ಪರೀಕ್ಷೆಗೆಂದು ಟ್ಯಾಂಕ್ ತುಂಬಿಸಿ ಸೆಲ್ಫ್ ಹೊಡೆದೆ. ಒಂದೇ ಸಲಕ್ಕೆ ಹಿಡಿಯಿತು, ಒಂದಿಷ್ಟೂ ನಡುಗಲಿಲ್ಲ. ಮನೆಗೆ ಬಂದು ಸಂಭ್ರಮದಿಂದ ಹೇಳಿದರೆ, ಟ್ಯಾಂಕ್ ಕುತ್ತಿಗೆವರೆಗೆ ತುಂಬಿಸಬೇಡ, ಬಂಕಿನವರು ಸಾಕೆಂದಾಗ ಬಿಡು ಎಂದರು.

ಡಯಾಲಿಸಿಸ್ ದಿನ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ ಕಾದೆ. ಅವರು ಮನೆ ಮುಂದಿನ ಕಟ್ಟೆಯ ಮೇಲೆ ಕೂತೇ ಇದ್ದರು. ಬೇಡಿಕೊಂಡೆ, ಜಗಳವಾಡಿದೆ. ನಿನಗೋಸ್ಕರ ಬರ್ತೀನಿ ಎಂದು ಎದ್ದು ಬಂದರು. ಆಮೇಲೂ ಕೆಲವು ಸಲ ಬಂದರು. ಒಂದು ದಿನ, ಎಷ್ಟು ಹೇಳಿದರೂ ಏಳಲಿಲ್ಲ. ಕಾಲು ಊದಿತು, ಮಲಗಿದರೆ ಉಸಿರು ಸಿಗದಾಯಿತು. ಗೋಡೆಗೆ ದಿಂಬಿಟ್ಟು ಕೂರಿಸಿಕೊಂಡು ಬೆನ್ನು ಸವರುತ್ತಿದ್ದೆ. ನನಗೆ ಮಾಡಲು ತಿಳಿದದ್ದು ಅಷ್ಟೇ. ಮೊದಲ ಮಳೆ ಬೀಳುವ ಹೊತ್ತಿಗೆ ಅವರು ಇರಲಿಲ್ಲ.

ಕಾರು ಈಗ ಯಾವ ತೊಂದರೆಯೂ ಕೊಡುವುದಿಲ್ಲ. ಶಾಲೆಗೆ ಅದರಲ್ಲೇ ಹೋಗುತ್ತೇನೆ. ಅವರಿಗೆ ಒರಗಲು ಅನುಕೂಲವಾಗಲೆಂದು ಪಕ್ಕದ ಸೀಟನ್ನು ಹಿಂದಕ್ಕೆ ಬಾಗಿಸಿದ್ದೆ; ಅದು ಇನ್ನೂ ಹಾಗೇ ಇದೆ. ದಾರಿಯಲ್ಲಿ ಹತ್ತಿಕೊಳ್ಳುವ ಜೊತೆಯ ಟೀಚರ್ ಅದಕ್ಕೆ ಒರಗದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಏನೂ ಕೇಳದೆ ಕೂರುತ್ತಾರೆ.