ಕೋಸ್ಟರಿನ ಮೇಲೆ ಬಾಯಿಗೆ ಬಂದದ್ದು

ದೋಹಾದಲ್ಲಿ ಚಳಿಗಾಲ ಬಂದರೆ ಯಾರೂ ಮನೆಯೊಳಗೆ ಕೂರುವುದಿಲ್ಲ. ನಾನು ಮಗಳ ಮನೆಗೆ ಹೋಗಿದ್ದ ಆ ಸೀಸನ್ನಿನಲ್ಲಿ ಸಮುದ್ರದ ಬದಿಗೆ ಒಂದು ಪಾರ್ಕ್ ಎದ್ದಿತ್ತು. ನೂರು ವರ್ಷದ ಹಿಂದಿನ ಅಮೆರಿಕದ ನಮೂನೆಯಂತೆ. ಪಟ್ಟೆಪಟ್ಟೆಯ ಡೇರೆ, ಬಲ್ಬಿನ ಸಾಲು, ಸಂಗೀತಕ್ಕೆ ತಕ್ಕ ಹಾಗೆ ಸುತ್ತುವ ಮರದ ಕುದುರೆ, ಹಳೇ ಮರದ್ದೆಂದು ಕಾಣಲು ಬಣ್ಣ ಹೊಡೆದ ಒಂದು ರೋಲರ್ ಕೋಸ್ಟರ್. ಮಗಳು ನನಗೂ ಮೊಮ್ಮಗಳಿಗೂ ಸೀಸನ್ ಪಾಸ್ ಮಾಡಿಸಿ, ಗುರುವಾರ ಸಂಜೆ ಗೇಟಿನಲ್ಲಿ ಇಳಿಸಿ ಹೋಗುತ್ತಿದ್ದಳು. ನಾನು ಕುದುರೆಯ ಮೇಲೆ ಒಂದೇ ಬದಿಗೆ ಕಾಲು ಹಾಕಿ, ಸೆರಗು ಸರಿಮಾಡಿಕೊಂಡು, ಲೇಡಿಯ ಹಾಗೆ ಸುತ್ತು ಬರುತ್ತಿದ್ದೆ.

ಲೇಡಿಯ ಹಾಗಿರುವುದೇ ನನ್ನ ಬಂಡವಾಳ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಾಲಿಗೆಗೆ ಸಾಣೆ ಹಿಡಿದು ಕಳಿಸಿದ್ದರು. ಅದರ ಜೋರಿನಲ್ಲೇ ನಾನು ಅಲ್ ಅಜೀಜಿಯಾ ಬಡಾವಣೆಯ ಮಗಳ ಮನೆಯ ಹಾಲಿನಲ್ಲಿ, ಶುಕ್ರವಾರ ಬೆಳಿಗ್ಗೆ, ನಮ್ಮ ಕಡೆಯ ಮಕ್ಕಳಿಗೆ ಎಲೊಕ್ಯೂಷನ್, ಅಂದರೆ ಇಂಗ್ಲಿಷನ್ನು ಸ್ಪಷ್ಟವಾಗಿ ಮಾತಾಡುವುದನ್ನು, ಹೇಳಿಕೊಡುತ್ತಿದ್ದುದು. ವಾರದ ಉಳಿದ ದಿನಗಳಲ್ಲಿ ನಾನು ಆ ಮನೆಗೆ ಬಂದಿಳಿದು ಎಲ್ಲಿಡಬೇಕೆಂದು ತಿಳಿಯದ ಒಂದು ಸೂಟ್‌ಕೇಸ್. ಶುಕ್ರವಾರ ಮಾತ್ರ ಮಕ್ಕಳ ಬಾಯಲ್ಲಿ ಮಿಸ್. ಆ ಕ್ಲಾಸೊಂದು ಹೋದರೆ ನನಗೆ ಅಲ್ಲಿ ಬೇರೇನೂ ಉಳಿಯುತ್ತಿರಲಿಲ್ಲ.

"ಗ್ರ್ಯಾನಿ, ಪ್ಲೀಸ್! ನನ್ನ ಹೈಟ್ ಸಾಲುವುದಿಲ್ಲ, ಜೊತೆಗೆ ದೊಡ್ಡವರು ಬೇಕಂತೆ," ಎಂದು ಮೊಮ್ಮಗಳು ಕೋಸ್ಟರಿನ ಎದುರು ಕೈ ಜಗ್ಗಿದಳು.

"ಮಮ್ಮಿ ಬಂದಾಗ ಹೋಗು."

"ಮಮ್ಮಿಯಾ? ಅವಳು ಲಿಫ್ಟಲ್ಲೇ ಕಣ್ಣು ಮುಚ್ಚಿಕೊಳ್ತಾಳೆ!"

ಹತ್ತಿದೆ. ಕಟಕಟ ಎಂದು ಮೇಲೇರುವವರೆಗೆ ಜಪಮಾಲೆಯ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದೆ. ತುದಿಯಲ್ಲಿ ಗಾಡಿ ಒಂದು ಕ್ಷಣ ನಿಂತು, ಆಮೇಲೆ ಕೆಳಗೆ ಬಿತ್ತು. ಆಗ ನನ್ನ ಬಾಯಿಂದ ಬಂದದ್ದು ದೇವರ ಹೆಸರಲ್ಲ. ತುಳು ಬೈಗುಳ. ಅವನ್ನು ಇಲ್ಲಿ ಬರೆಯಲಾರೆ. ಒಬ್ಬನ ತಾಯಿಯಿಂದ ಶುರುವಾಗಿ ಅವನ ಇಡೀ ಕುಲವನ್ನು ಬಾಚಿಕೊಂಡು ಹೋಗುವಂಥವು. ಪ್ರತಿ ತಿರುವಿಗೂ ಹೊಸದೊಂದು.

ಇಳಿದು ಹೊರಬರುವ ದಾರಿಯಲ್ಲಿ ದೊಡ್ಡ ಸ್ಕ್ರೀನು. ಸವಾರಿಯ ವಿಡಿಯೋವನ್ನು ಶಬ್ದದ ಸಮೇತ ಅಲ್ಲಿ ತೋರಿಸುತ್ತಾರೆಂದು ನನಗೇನು ಗೊತ್ತು? ಅದರ ಮುಂದೆ ನನ್ನ ಕ್ಲಾಸಿನ ಒಬ್ಬ ಹುಡುಗನ ತಾಯಿ, ಬಂಟ್ವಾಳದ ಕಡೆಯ ಹುಡುಗಿ, ಫೋನು ಎತ್ತಿ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಅಯ್ಯೋ ಮಿಸ್, ಇದು ನೀವಾ! ನನಗೆ ನಂಬ್ಲಿಕ್ಕೇ ಆಗುದಿಲ್ಲ!"

ನಾವು ಕಾರು ಸೇರುವ ಹೊತ್ತಿಗೆ ಅದು ಕ್ಲಾಸಿನ ಗ್ರೂಪಿಗೆ ಬಂದಾಗಿತ್ತು. ಮಗಳು ಫೋನನ್ನು ಮಡಿಲಲ್ಲಿ ಬೋರಲು ಹಾಕಿ ಕೂತಿದ್ದಳು.

"ಎಂತ ಮಮ್ಮಿ ಇದು?"

"ಹೆದರಿಕೆಗೆ ಬಂತು."

"ಹೆದರಿಕೆಗೆ ಜನ ಓ ಗಾಡ್ ಅಂತಾರೆ. ಇದನ್ನೆಲ್ಲ ನಾನು ಊರಿನ ಅಜ್ಜನ ಬಾಯಲ್ಲಿ ಮಾತ್ರ ಕೇಳಿದ್ದು."

ಊರಿನ ಅಜ್ಜ ಎಂದರೆ ನನ್ನ ಅಪ್ಪ.

ಮರುದಿನ ಯಾರೂ ಬರಲಾರರೆಂದುಕೊಂಡೇ ಕುರ್ಚಿ ಜೋಡಿಸಿದೆ. ಆದರೆ ಮಕ್ಕಳೆಲ್ಲ ಬಂದರು, ತುಟಿ ಬಿಗಿಹಿಡಿದು, ನನ್ನ ಬಾಯನ್ನೇ ನೋಡುತ್ತ. ಆ ತಾಯಿಯೂ ಮಗನ ಹಿಂದೆಯೇ ಒಳಗೆ ಬಂದಳು.

"ಮಿಸ್, ಬೇಜಾರು ಮಾಡ್ಬೇಡಿ. ಇವನು ನಿನ್ನೆ ಮೊದಲ ಸಲ ನನ್ನ ಹತ್ರ ತುಳುವಿನ ಅರ್ಥ ಕೇಳಿದ್ದು, ಗೊತ್ತುಂಟಾ? ಇಷ್ಟು ದಿನ ನೀವು ಬರೇ ಇಂಗ್ಲಿಷಿನವರು ಅಂತ ನಾನು ಹೆದರಿ ಸಾಯ್ತಿದ್ದೆ. ನೋಡಿದ್ರೆ ನಮ್ಮವರೇ! ಇವತ್ತು ಇಂಗ್ಲಿಷ್ ಖಲಾಸ್. ಮಕ್ಕಳಿಗೆ ತುಳುವಿನಲ್ಲೊಂದು ಕತೆ ಹೇಳಿ. ಸಣ್ಣದು ಸಾಕು."

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ.

"ನಾಚಿಕೆ ಎಂತದಕ್ಕೆ ಮಿಸ್? ನಿನ್ನೆ ಮಾಲೆಪಟಾಕಿ ಹಾಗೆ ಬಂತಲ್ಲ!"

ಮಕ್ಕಳು ನಕ್ಕರು. ನಾನು ಹುಡುಕುತ್ತಲೇ ಇದ್ದೆ. ನಮ್ಮ ಮನೆಯೊಳಗೆ ಕೊಂಕಣಿ, ಕಾನ್ವೆಂಟಿನಲ್ಲಿ ಇಂಗ್ಲಿಷ್. ತುಳು ಇದ್ದದ್ದು ಹಿತ್ತಲಿಗೆ, ಕೆಲಸದವರ ಮೇಲೆ ಅಪ್ಪ ಕೂಗುವುದಕ್ಕೆ. ಬಾ, ಹೋಗು, ಸಗಣಿ ಬಾಚು, ಅದಾದ ಮೇಲೆ ಬೈಗುಳ. ಕಿಟಕಿಯಲ್ಲಿ ಕೂತು ನಾನು ಕಲಿತದ್ದು ಅಷ್ಟೇ. ಆ ಭಾಷೆಯಲ್ಲಿ ಉಂಡೆಯಾ ಎಂದು ನಾನು ಯಾರನ್ನೂ ಕೇಳಿದವಳಲ್ಲ. ಅದರಲ್ಲಿ ಮಗುವನ್ನು ಮಲಗಿಸುವ ಹಾಡಿರಬಹುದೆಂದು ಯೋಚಿಸಿದವಳೂ ಅಲ್ಲ. ನಿನ್ನೆಯಿಂದ ನಾನು ನಾಚಿದ್ದು ಮಾತು ಹೊಲಸೆಂದು. ಅದರ ಹೊರತು ಬೇರೆ ಮಾತೇ ನನ್ನಲ್ಲಿಲ್ಲ ಎನ್ನುವುದು ತಿಳಿದದ್ದು ಈಗ.

"ಬರುವುದಿಲ್ಲಮ್ಮ," ಎಂದೆ. "ನಿನ್ನೆ ಕೇಳಿದಿಯಲ್ಲ, ಅಷ್ಟೇ ಬರುವುದು. ಮನೆಯಲ್ಲಿ ಕೆಲಸದವರಿಗೆ ಬೈಯುವಾಗ ಕೇಳಿ ಕಲಿತದ್ದು."

ಅವಳ ಮುಖದ ನಗು ತಕ್ಷಣ ಹೋಗಲಿಲ್ಲ. ಹೇಗೆ ಇಳಿಸುವುದೆಂದು ತಿಳಿಯದವಳ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು.

"ಹಾಗಾ," ಎಂದಳು. "ನನ್ನ ಅಜ್ಜಿಯೂ ಅಂಥದೇ ಒಂದು ಮನೆಯ ಹಿತ್ತಲಲ್ಲಿ ಕೆಲಸಕ್ಕಿದ್ದದ್ದು ಮಿಸ್." ಸಿಟ್ಟಿನಿಂದಲ್ಲ, ಊರಿನ ಹೆಸರು ಹೇಳಿದ ಹಾಗೆ. ಆಮೇಲೆ, "ಆಯ್ತು, ಇಂಗ್ಲಿಷೇ ಹೇಳಿಕೊಡಿ," ಎಂದು ಬಾಗಿಲ ಬಳಿ ನಿಂತು, ಫೋನು ತೆಗೆದು, ಗ್ರೂಪಿನಲ್ಲಿದ್ದ ವಿಡಿಯೋವನ್ನು ಅಳಿಸಿದಳು. ಅದೊಂದು ಅಳಿಸಿಹೋಗಲಿ ಎಂದೇ ನಾನು ಬೆಳಗಿನವರೆಗೆ ಪ್ರಾರ್ಥಿಸಿದ್ದೆ.

ಕ್ಲಾಸು ಉಳಿಯಿತು. ಮುಂದಿನ ಶುಕ್ರವಾರ ಅವಳ ಮಗನೂ ಬಂದ. ಅವಳು ಮಾತ್ರ ಕಾರಿನಿಂದ ಇಳಿಯಲಿಲ್ಲ. ನಾನು ಗೇಟಿನ ತನಕ ಹೋದೆ, ಏನು ಹೇಳಬೇಕೆಂದು ಗೊತ್ತಿಲ್ಲದೆಯೇ. ಗ್ಲಾಸಿನ ಹಿಂದಿನಿಂದ ಅವಳು ಮರ್ಯಾದೆಯಿಂದ ಕೈ ಎತ್ತಿ, ಗಾಡಿ ರಿವರ್ಸ್ ತೆಗೆದುಕೊಂಡು ಹೋದಳು.