ಯಂತ್ರದ ಕಣ್ಣಿಗೆ ಕುಂಕುಮ

ತೊಂಬತ್ತರ ದಶಕದಲ್ಲಿ ಪಿಲ್ಲಗುಂಪೆಯ ಎರಕದ ಕಾರ್ಖಾನೆಯಲ್ಲಿ ನಾನು ನಡೆಸುತ್ತಿದ್ದ ಗಾಡಿಯನ್ನು ಎಲ್ಲರೂ ರೋಬೋ ಎನ್ನುತ್ತಿದ್ದರು. ಕುಲುಮೆಯಿಂದ ಕಾದ ಎರಕ ಹೊತ್ತು ತರುವುದು ಅದರ ಕೆಲಸ. ಉದ್ದನೆಯ ಕೇಬಲ್ಲಿನ ತುದಿಯ ಡಬ್ಬಿ ಹಿಡಿದು ನಾನು ದೂರದಲ್ಲಿ ನಿಂತು ಗುಂಡಿ ಒತ್ತುತ್ತಿದ್ದೆ. ಆದರೆ ಗಾಡಿಯ ಮೂತಿಯಲ್ಲೊಂದು ಗಾಜಿನ ಕಣ್ಣಿತ್ತು. ಯಾರಾದರೂ ಅಡ್ಡ ಬಂದರೆ ನನ್ನ ಮಾತು ಕೇಳದೆ ತಾನೇ ನಿಂತುಬಿಡುತ್ತಿತ್ತು. ಕಂಬದಾಚೆಯ ತಿರುವು ನನಗೆ ಕಾಣುತ್ತಿರಲಿಲ್ಲ. ಅಲ್ಲಿ ಆ ಕಣ್ಣನ್ನೇ ನಂಬಿದ್ದೆ.

ಆಯುಧಪೂಜೆಯ ದಿನ ಸೂಪರ್‌ವೈಸರ್ ಆ ಕಣ್ಣಿಗೇ ದಪ್ಪಗೆ ಕುಂಕುಮ ಬಳಿದ. ರಜೆ ಮುಗಿಸಿ ಬಂದರೆ ಗಾಡಿ ಅಲುಗದು. ಕುಂಕುಮವನ್ನೇ ಅಡ್ಡ ನಿಂತ ಆಳು ಎಂದುಕೊಂಡಿತ್ತು. ಒರೆಸಲು ನಾನು ಒಂದು ಬಟ್ಟೆ ಕೈಗೆತ್ತಿಕೊಂಡೆ.

"ದೇವರ ಕುಂಕುಮ ಒರೆಸ್ತೀಯೇನೋ? ತಾನಾಗೇ ಉದುರ್ಲಿ. ಕೀ ತಿರುಗ್ಸಿ ಕಣ್ಣು ಆಫ್ ಮಾಡ್ಕೊಂಡು ಓಡ್ಸು," ಅಂದ ಸೂಪರ್‌ವೈಸರ್.

ಓಡಿಸಿದೆ. ತಿರುವಿನಲ್ಲಿ ನನ್ನ ಗೆಳೆಯ, ಹೊಸಕೋಟೆಯಿಂದ ದಿನಾ ನನ್ನ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದವನು, ಬಗ್ಗಿ ಮರಳು ಗುಡಿಸುತ್ತಿದ್ದ. ಗಾಡಿ ಅವನ ಬಲಗಾಲಿನ ಮೇಲೆ ಹತ್ತಿತು.

"ಕಣ್ಣು ಆಫ್ ಮಾಡಿದ್ದು ಇವನೇ. ನಾನು ಹೇಳೇ ಇಲ್ಲ," ಎಂದು ಸೂಪರ್‌ವೈಸರ್ ವಿಚಾರಣೆಯಲ್ಲಿ ಸಲೀಸಾಗಿ ಹೇಳಿದ. ನನ್ನನ್ನು ಮರಳು ಜರಡಿ ಹಿಡಿಯಲು ಹಾಕಿದರು. ಅದನ್ನು ಸಹಿಸಬಹುದಿತ್ತು. ಗೆಳೆಯ ಕುಂಟುತ್ತಾ ಕೆಲಸಕ್ಕೆ ಬಂದವನು ನನ್ನ ಮುಖ ನೋಡಲಿಲ್ಲ, ಸೂಪರ್‌ವೈಸರ್ ಹೇಳಿದ್ದನ್ನೇ ನಂಬಿದ್ದ. ಹೊಟ್ಟೆ ಉರಿದದ್ದು ಅದಕ್ಕೆ. ವರ್ಷವಿಡೀ ಜರಡಿ ಅಲ್ಲಾಡಿಸುತ್ತಾ ಆ ಸೂಪರ್‌ವೈಸರ್‌ಗೆ ಶಾಪ ಹಾಕಿದೆ.

ಮುಂದಿನ ಆಯುಧಪೂಜೆಗೆ ಮಾಲೀಕರು ಬಂದರು. ಅವರೆದುರು ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಲು ಸೂಪರ್‌ವೈಸರ್ ತಾನೇ ಡಬ್ಬಿ ಹಿಡಿದ. ಅವನಿಗಿಂತ ಮೊದಲೇ ನಾನು ಆ ಕಣ್ಣಿಗೆ ಕುಂಕುಮ ಇಟ್ಟಿದ್ದೆ, ಸಾಕಷ್ಟು ದಪ್ಪಗೆ. ಗಾಡಿ ಅಲುಗಲಿಲ್ಲ.

"ಯಾಕ್ರೀ ಹೋಗ್ತಿಲ್ಲ?" ಮಾಲೀಕರು ಕೇಳಿದರು.

"ಕುಂಕುಮ ಸಾರ್, ಒರೆಸೋ ಹಾಗಿಲ್ಲ. ಹೋದ್ವರ್ಷಾನೂ ಹಿಂಗೇ ಆಗಿತ್ತು, ಕಣ್ಣು ಆಫ್ ಮಾಡ್ಸಿ ಓಡ್ಸಿದ್ದೆ," ಎನ್ನುತ್ತಾ ಕೀಗೆ ಕೈ ಹಾಕಿದ.

"ಮಾಡ್ಸಿದ್ದು ನೀವಾ?"

ಅವನು ಕೀ ಮೇಲಿನ ಕೈ ಹಿಂದಕ್ಕೆ ತೆಗೆದ. ಮಂಗಳಾರತಿ ತಟ್ಟೆ ಹಿಡಿದಿದ್ದ ಗೆಳೆಯ ಎಲ್ಲವನ್ನೂ ಕೇಳಿಸಿಕೊಂಡ. ವಾರದೊಳಗೆ ಸೂಪರ್‌ವೈಸರನ್ನು ಗೋದಾಮಿಗೆ ತಳ್ಳಿದರು. ನನಗದು ಸಾಲಲಿಲ್ಲ, ಇವತ್ತಿಗೂ ಸಾಲದು.

ಪೂಜೆಯ ದಿನ ಸಂಜೆ ಸೈಕಲ್ ಹತ್ತಿರ ಗೆಳೆಯ ಬಂದು ನಿಂತ. ನನ್ನ ಕೆಂಪು ಬೆರಳನ್ನೇ ನೋಡಿದ.

"ಲೇ, ಬಳ್ದಿದ್ದು ನೀನಾ?"

"ಹೂಂ."

ಕುಂಟುಗಾಲು ಎತ್ತಿ ಹಿಂದೆ ಕೂತ.

"ಅವನ ಕಣ್ಣಿಗೂ ಒಂಚೂರು ಬಳೀಬೇಕಿತ್ತು ಕಣೋ," ಅಂದ.