ಮುಟ್ಟಿಸದ ಅರ್ಜಿ

ಬಸ್ಸಿನ ಕಿಟಕಿಯಿಂದ ಯಾರಾದರೂ ಕೈ ಹೊರಚಾಚಿದರೆ ಇಂದಿಗೂ ನಾನು ಮುಖ ತಿರುಗಿಸುತ್ತೇನೆ.

ಸ್ವಾತಂತ್ರ್ಯ ಬಂದು ಆರೇಳು ವರ್ಷ ಕಳೆದಿತ್ತು. ಗೋಕಾಕದಲ್ಲಿ ನಮ್ಮ ಬಾಜೂ ಮನೆಯ ಸೊಸೆ ಒಂದು ಸಣ್ಣ ನೂಲಿನ ಗಿರಣಿಯಲ್ಲಿ ಲಡಿ ಸುತ್ತುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬರುವಾಗ ಹುಬ್ಬಿನ ಮೇಲೆ ಹತ್ತಿಯ ಎಳೆ ಕೂತಿರುತ್ತಿತ್ತು; ನಕ್ಕರೆ ಅಲುಗುತ್ತಿತ್ತು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳೆಂದು ಓಣಿಯ ಇಂಗ್ಲಿಷ್ ಕಾಗದಗಳೆಲ್ಲ ನನ್ನ ಅಡಿಗೆಮನೆಗೇ ಬರುತ್ತಿದ್ದವು. ಗಿರಣಿಯ ಗೋಡೆಗೆ ಹಚ್ಚಿದ್ದ ನಿಯಮಗಳ ಒಂದು ಪ್ರತಿಯನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು.

"ಅಕ್ಕಾರ, ಬಸುರಿದ್ದಾಕಿಗೆ ಇದರಾಗ ಏನರ ಐತೇನ್ರಿ?"

ಇತ್ತು. ಮೊದಲೇ ಬರೆದು ತಿಳಿಸಿದರೆ ಹೆರಿಗೆಗೆ ರಜೆ. ಆ ರಜೆಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ. ತಿಳಿಸದೆ ಎಂಟು ದಿನ ತಪ್ಪಿಸಿದರೆ ಹೆಸರು ಹೊಡೆದುಹಾಕುತ್ತಾರೆ.

"ಅಯ್ಯ ಶಿವನ! ಇದು ಅವರು ಕೊಡೂ ದಾನ ಅಲ್ಲೇನ್ರಿ?"

ಹಕ್ಕು ಎಂದೆ. ಅಲ್ಲೇ ಅರ್ಜಿ ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು.

ಅವಳ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಸೊಸೆಯ ಹಿಂದಿನ ಎರಡು ಬಸಿರು ಉಳಿದಿರಲಿಲ್ಲ. "ಏಳ ತಿಂಗಳಿನ ಕುಬಸದ ಶಾಸ್ತ್ರ ಆಗೂತನಕ ಕೂಸಿನ ಸುದ್ದಿ ಕಾಗದಕ್ಕ ಏರಸಬ್ಯಾಡ್ರಿ, ಬಾಯಾರ. ಮಂದಿ ಕಣ್ಣಿಗೆ ಕಲ್ಲೂ ಒಡೀತಾವ."

"ಹಂಗಾರ ನಿಮ್ಮ ಕಣ್ಣಾಗ ನಾ ಹೆಂಗ ಉಳದೇನ್ರಿ ಅತ್ತಿ?" ಎಂದು ಸೊಸೆ ನಕ್ಕಳು. ಆದರೂ ಅರ್ಜಿಯನ್ನು ನನ್ನ ಕೈಗಿಟ್ಟಳು. "ಕುಬಸದ ಮರುದಿನ ಒಯ್ತೇನ್ರಿ."

ಏಳನೆಯ ತಿಂಗಳಲ್ಲಿ ಹುಕ್ಕೇರಿಯಿಂದ ತವರಿನವರು ಬಂದು ಹಸಿರು ಸೀರೆ ಉಡಿಸಿ, ಕುಬಸ ತೊಡಿಸಿ ಶಾಸ್ತ್ರ ಮುಗಿಸಿದರು. ದಿನ ಒಳ್ಳೆಯದಿದೆಯೆಂದು ಅಂದೇ ಸಂಜೆಯ ಬಸ್ಸಿಗೆ ಕರೆದೊಯ್ದರು. ಕಿಟಕಿಯಿಂದ ಹಸಿರು ಬಳೆಯ ಕೈ ಬೀಸಿ ಅವಳು ಕೂಗಿದಳು: "ಅಕ್ಕಾರ, ಅದನ್ನಷ್ಟ ಮುಟ್ಟಸ್ರಿ!"

ಹೂಂ ಎಂದೆ. ಮರುದಿನ ಗಿರಣಿಯ ತನಕ ಹೋದೆ ಕೂಡ. ಬಾಗಿಲ ತುಂಬ ಪಾಳಿ ಬಿಟ್ಟ ಗಂಡಸರು. ಒಬ್ಬ ಬೀಡಿ ತುಟಿಯಿಂದ ತೆಗೆದು ನನ್ನನ್ನೇ ನೋಡಿದ. ಸೆರಗು ಎಳೆದುಕೊಂಡು ಹಿಂದಿರುಗಿದೆ. ಮನೆಯವರ ಕೈಯಲ್ಲಿ ಕಳಿಸಿದರೆ, ಮಂದಿ ಉಸಾಬರಿ ನಮಗ್ಯಾಕ ಎಂದಾರು ಎಂಬ ಅಂಜಿಕೆ. ನಾಳೆ, ನಾಳೆ ಎನ್ನುತ್ತ ಎಂಟು ದಿನ ದಾಟಿದವು.

ಕೂಸು ಗಟ್ಟಿಯಾಗಿ ಹುಟ್ಟಿತು. ಅದನ್ನು ಎತ್ತಿಕೊಂಡು ಮರಳಿದವಳನ್ನು ಗಿರಣಿ ಒಳಗೆ ಬಿಡಲಿಲ್ಲ. ನೆಟ್ಟಗೆ ನಮ್ಮಲ್ಲಿಗೆ ಬಂದಳು.

"ಅರ್ಜಿನ ಬಂದಿಲ್ಲ ಅಂತಾರ್ರಿ ಅಕ್ಕಾರ. ನೀವು ಕೊಟ್ಟಿದ್ರಲ್ರಿ?"

ಕೂಸು ನನ್ನ ಬೆರಳು ಹಿಡಿದಿತ್ತು. "ಕೊಟ್ಟಿದ್ದೆ, ತಂಗಿ" ಎಂದೆ.

ಅವಳು ನನ್ನ ಮಾತನ್ನು ಒಂದು ಗಳಿಗೆಯೂ ಅನುಮಾನಿಸಲಿಲ್ಲ. ಮುಂದಿನ ವರ್ಷ ಓಣಿಯ ಇನ್ನೊಬ್ಬ ಬಸುರಿ ಅರ್ಜಿ ಬರೆಸಲು ನನ್ನ ಕಟ್ಟೆಯ ತನಕ ಬಂದಾಗ ಅವಳೇ ತಡೆದಳು. ಒಳಗಿದ್ದ ನನಗೆ ಕೇಳಿಸಿತು: "ಕಾಯ್ದೆ ಬರೇ ಗ್ವಾಡಿಗೆ ಹಚ್ಚಾಕ ಐತಿ, ನಮ್ಮವ್ವಾ. ಅಕ್ಕಾರು ಕೊಟ್ಟ ಕಾಗದಾನ ನುಂಗಿದ್ರು ಗಿರಣಿಯವರು."

ನಾನು ಹೊರಗೆ ಬರಲಿಲ್ಲ.